ಗೇಟಿನಲ್ಲಿ ಹೋದ ಒಂಬತ್ತು ನಿಮಿಷ

ಕಬ್ಬಿಣದ ಸಲಾಕೆ ನನ್ನ ಕುತ್ತಿಗೆಗೆ ಒತ್ತಿಕೊಂಡಿತ್ತು.

ಹಿಡಿದವನು ಕೋನಪ್ಪ. ಅವನ ಹಿಂದೆ, ಮಿಲ್ಲಿನ ಗೇಟಿಗೆ ಅಡ್ಡವಾಗಿ, ಮುಷ್ಕರ ಹೂಡಿದ್ದ ಎಂಬತ್ತು ಜನ. ನನ್ನ ಜೀಪಿನ ಮುಂದೆ ದಪ್ಪ ದಪ್ಪ ಕಲ್ಲು!

"ಏನೋ ಅದು ಪೆಟ್ಟಿಗೇಲಿ? ಮಿಲ್ ಸಾಮಾನು ಸಾಗಿಸ್ತಿದ್ದೀಯಾ?"

"ಹಾರ್ಟ್ ಮಷೀನ್ ಕಣೋ! ನೂರುಲ್ಲಾ ಗ್ರೌಂಡಲ್ಲಿ ಬಿದ್ದೋಗವ್ನೆ. ಬಿಡೋ!"

ಕೋನಪ್ಪ ನಕ್ಕ.

"ಈಗ ಅವನ ಹೆಸರಲ್ಲೇ ಹೊಸ ನಾಟಕನಾ, ನಲ್ಲಪ್ಪ?"

ನಗದೆ ಏನು ಮಾಡುತ್ತಾನೆ ಹೇಳಿ! ಆ ಮಿಲ್ಲಿನ ಸೆಕ್ಯುರಿಟಿ ಆಫೀಸರ್ ನಾನು. ಮಾತುಕತೆ ಇದೆ ಎಂದು ಹಿಂದಿನ ವಾರ ಇವರ ಲೀಡರ್ ನೂರುಲ್ಲಾನನ್ನು ಆಫೀಸಿಗೆ ಕರೆಸಿ ಪೊಲೀಸರ ಕೈಗೆ ಕೊಟ್ಟವನೂ ನಾನೇ. ನನ್ನ ಮಾತನ್ನು ಮಿಲ್ಲಿದ್ದ ಕುಡುಮಲಕುಂಟೆಯಲ್ಲಿ ನಾಯಿಯೂ ನಂಬುತ್ತಿರಲಿಲ್ಲ.

1997ರ ಮಾತು ಇದು. ಬೇಲ್ ಮೇಲೆ ಬಂದ ನೂರುಲ್ಲಾ ಆ ಸಂಜೆ ಗೌರಿಬಿದನೂರಿನ ಮೈದಾನದಲ್ಲಿ ವಾಲಿಬಾಲ್ ಆಡುತ್ತಿದ್ದ. ಅವನ ಮೇಲೆ ಕಣ್ಣಿಡಲು ನಾನೂ ಅಲ್ಲಿದ್ದೆ. ವಯಸ್ಸು ಇಪ್ಪತ್ತೊಂಬತ್ತು. ಗಟ್ಟಿ ಆಳು. ಸ್ಮ್ಯಾಷ್ ಹೊಡೆಯಲು ನೆಗೆದ... ಬಿದ್ದ. ಏಳಲೇ ಇಲ್ಲ!

ಆಟ ನೋಡಲು ಬಂದಿದ್ದ ಮಿಲ್ ಡಾಕ್ಟರ್ ನರಸಿಂಹಪ್ಪ ಓಡಿಹೋಗಿ ನಾಡಿ ನೋಡಿದರು. ಎರಡೂ ಕೈಯನ್ನು ಅವನ ಎದೆಯ ಮೇಲಿಟ್ಟು ಒತ್ತತೊಡಗಿದರು.

"ಹಾರ್ಟ್ ನಿಂತೋಗಿದೆ. ಶಾಕ್ ಕೊಡ್ಬೇಕು. ಮಷೀನ್ ತಗೊಂಡ್ ಬಾರಯ್ಯಾ, ಓಡು!"

"ಎಲ್ಲಿದೆ ಸಾರ್?"

"ಗೆಸ್ಟ್ ಹೌಸಲ್ಲಿ... ಧಣಿ ಮಂಚದ ಪಕ್ಕ!"

ಹೃದಯದ ಆಪರೇಷನ್ ಆಗಿದ್ದ ಮಿಲ್ ಧಣಿಗಾಗಿ ತರಿಸಿದ ಮಷೀನು ಅದು. ಧಣಿ ಇಲ್ಲಿಗೆ ಬರುತ್ತಿದ್ದುದು ವರ್ಷಕ್ಕೆ ಎರಡು ಸಲ. ಪಂದ್ಯದ ದಿನವಾದರೂ ಅದನ್ನು ಮೈದಾನದಲ್ಲಿಡೋಣ ಎಂದು ಡಾಕ್ಟರ್ ಬರೆದು ಕೇಳಿದ್ದರು. ಉತ್ತರವೇ ಬಂದಿರಲಿಲ್ಲ.

ಜೀಪನ್ನು ಹಾರಿಸಿಕೊಂಡು ಬಂದೆ. ಒಳಗೆ ಹೋಗುವ ಖಾಲಿ ಜೀಪನ್ನು ಗೇಟಿನಲ್ಲಿ ಯಾರೂ ತಡೆಯಲಿಲ್ಲ. ಮಿಲ್ಲಿನೊಳಗಿದ್ದ ಗೆಸ್ಟ್ ಹೌಸಿನ ಬಾಗಿಲು ಒದ್ದು ಮುರಿದೆ. ಮಷೀನು ಸಿಕ್ಕಿತು. ಈಗ ಗೇಟಿನಲ್ಲಿ...

ಒಂದು ನಿಮಿಷ. ಮೂರು. ಐದು...

"ಕಾಲಿಗೆ ಬೀಳ್ತೀನಿ ಕಣೋ ಕೋನಪ್ಪ!"

ಬಿದ್ದೆ ಕೂಡ. ಯಾರೋ ಬೆನ್ನಿಗೆ ಒದ್ದರು.

ಒಂಬತ್ತನೇ ನಿಮಿಷಕ್ಕೆ ಕೋನಪ್ಪನ ಮುಖ ಬದಲಾಯಿತು. ನಾನು ಅಳುತ್ತಿದ್ದೆ... ಅದನ್ನು ಅವನು ಎಂದೂ ನೋಡಿರಲಿಲ್ಲ.

"ಕಲ್ಲು ತೆಗೀರೋ!" ಎಂದು ಜೀಪಿಗೆ ಹಾರಿದ. "ಸುಳ್ಳಾದ್ರೆ ನಿನ್ನ ಹೆಣ ಬೀಳುತ್ತೆ."

"ಸುಳ್ಳೇ ಆಗ್ಲಪ್ಪ..." ಎಂದೆ.

ವಿಷಯ ತಿಳಿಯದ ಮುಷ್ಕರದವರಿಬ್ಬರು ಬೈಕಿನಲ್ಲಿ ಬೆನ್ನಟ್ಟಿದರು. ಕಲ್ಲು ಬಂತು. ಮುಂದಿನ ಗಾಜು ಪುಡಿ! ನಾನು ಬ್ರೇಕ್ ಮುಟ್ಟಲಿಲ್ಲ.

ಮೈದಾನದಲ್ಲಿ ಡಾಕ್ಟರ್ ಇನ್ನೂ ಒತ್ತುತ್ತಲೇ ಇದ್ದರು. ಅಂಗಿ ಒದ್ದೆ.

ಮಷೀನಿನ ಪರದೆಯ ಮೇಲೆ ಗೆರೆಯೊಂದು ಸಣ್ಣಗೆ ಅದುರುತ್ತಿತ್ತು. ಮೊದಲ ಶಾಕ್. ಮೈ ನೆಗೆಯಿತು. ಎರಡನೆಯದು.

ಗೆರೆ ನೇರವಾಯಿತು.

ಡಾಕ್ಟರ್ ಮತ್ತೆ ಒತ್ತಿದರು... ತುಂಬ ಹೊತ್ತು. ಆಮೇಲೆ ಕೈ ತೆಗೆದರು.

"ಬೇಗ ಬಂದಿದ್ರೆ ಸಾರ್?" ಕೋನಪ್ಪ ಕೇಳಿದ.

ಡಾಕ್ಟರ್ ನನ್ನ ಕಡೆ ನೋಡಿದರು. ಬಗ್ಗಿ ನೂರುಲ್ಲಾನ ರೆಪ್ಪೆ ಮುಚ್ಚಿದರು.

"ನಾನೇ ತಡೆದ್ನಲ್ಲಪ್ಪೋ!" ಕೋನಪ್ಪ ಮಣ್ಣಿನಲ್ಲಿ ಕುಸಿದ.

ನೀನಲ್ಲ, ತಡೆದದ್ದು ಹೋದ ವಾರದ ನನ್ನ ಸುಳ್ಳು ಎನ್ನಬೇಕಿತ್ತು.

ನೂರುಲ್ಲಾನನ್ನು ಮಣ್ಣು ಮಾಡಿದ ಮರುದಿನ ಆಫೀಸಿನಿಂದ ನೋಟೀಸು ಬಂತು. ಧಣಿಗಳ ಸ್ವಂತ ಮಷೀನನ್ನು ಅಪ್ಪಣೆಯಿಲ್ಲದೆ ಹೊರಗೆ ಸಾಗಿಸಿದ್ದು ಯಾಕೆ?

ಉತ್ತರ ಬರೆಯಲು ಮೂರು ದಿನ ಟೈಮ್ ಕೊಟ್ಟಿದ್ದರು... ಧಾರಾಳ ಮನಸ್ಸು!