ಹಸಿರು ಅಂದರೆ ಹೊರಡಬಹುದು

ಕರೆಂಟು ಹೋಗಿ ಬನಹಟ್ಟಿಯ ಮಗ್ಗಗಳೆಲ್ಲ ಬಾಯಿ ಮುಚ್ಚಿದ್ದವು. ಭಾಗ್ಯಾ ನೂಲಿನ ಕಂಡಿಕೆ ಸುತ್ತುವುದನ್ನು ಬಿಟ್ಟು ಮಾಳಿಗೆ ಹತ್ತಿದಳು. ಹಿಂದೆಯೇ ಮಹಾಲಿಂಗ ಬಂದ. ಕಾಲೇಜಿನಲ್ಲಿ ಅವಳ ಜೊತೆ ಓದಿದ್ದ ಮುಧೋಳದ ಹುಡುಗ, ಈಗ ವಿಮಾನ ಹಾರಿಸುವವ. ಎರಡು ವರ್ಷದ ಮೇಲೆ ಬಂದಿದ್ದ, ಅದೂ ತನ್ನ ಲಗ್ನಪತ್ರಿಕೆ ಕೊಡಲು.

"ಲೈಸೆನ್ಸ್ ಬಂತಂತಲ್ಲ?"

"ಬಂತು. ಆದ್ರ ಅದು ಹಗಲಿಗಷ್ಟ. ರಾತ್ರಿ ಹಾರಾಕ ಬ್ಯಾರೆ ತರಬೇತಿ. ಕತ್ತಲಾಗ ಒಬ್ಬನ ಏರಬೇಕು, ಒಬ್ಬನ ಇಳೀಬೇಕು. ಮುಂದಿನ ವಾರ ಶುರು."

"ಅಂಜಿಕಿ ಬರೂದಿಲ್ಲೇನು?"

"ನಿನ್ನ ಮುಂದ ನಿಂತಾಗ ಬರೂವಷ್ಟು ಇಲ್ಲ."

ಹೇಳಿ ಓರೆಗಣ್ಣಿನಲ್ಲಿ ನೋಡಿದ. ಆ ನೋಟಕ್ಕಾಗಿಯೇ ಅವಳು ಒಂದು ಕಾಲದಲ್ಲಿ ದಿನಾ ಕಾಲೇಜಿಗೆ ಹೋಗುತ್ತಿದ್ದಳು. ಈಗ ಅದು ಇನ್ನೊಬ್ಬಳ ಪಾಲು.

ಅವನು ಚೀಲದಿಂದ ಎರಡು ಬ್ಯಾಟರಿ ದೀಪ ತೆಗೆದ. ಒಂದಕ್ಕೆ ಕೆಂಪು, ಇನ್ನೊಂದಕ್ಕೆ ಹಸಿರು ಜಿಲೇಟಿನ್ ಹಾಳೆ ಕಟ್ಟಿತ್ತು.

"ರೇಡಿಯೋ ಕೆಟ್ರ ಟವರಿನವರು ದೀಪ ತೋರಸ್ತಾರ. ಮ್ಯಾಲಿದ್ದಾಗ ಹಸಿರು ಅಂದ್ರ ಇಳಿ, ಕೆಂಪು ಅಂದ್ರ ಸುತ್ತು ಹೊಡಿ. ನೆಲದ ಮ್ಯಾಲಿದ್ದಾಗ ಹಸಿರು ಅಂದ್ರ ಹೊರಡು, ಕೆಂಪು ಅಂದ್ರ ನಿಲ್ಲು. ನೀ ತೋರ್ಸು, ನಾ ಹೇಳ್ತೇನಿ."

ಅವನು ಮಾಳಿಗೆಯ ಆ ತುದಿಗೆ ಹೋಗಿ ನಿಂತ. ಅವಳು ಕೆಂಪು ಹಚ್ಚಿದಳು.

"ಹಸಿರು. ಇಳೀತೇನಿ."

ಚೇಷ್ಟೆ ಎಂದು ಅವಳು ನಕ್ಕಳು. ಹಸಿರು ಹಚ್ಚಿದಳು. "ಹಸಿರು" ಎಂದ. ಮತ್ತೆ ಕೆಂಪು.

"ಹಸಿರು... ಅಲ್ಲ, ಕೆಂಪೇನು?"

ಅವನು ದೀಪ ನೋಡುತ್ತಿರಲಿಲ್ಲ, ಅವಳ ಮುಖ ನೋಡಿ ಹೇಳುತ್ತಿದ್ದ. ಭಾಗ್ಯಾ ನಗು ನಿಲ್ಲಿಸಿದಳು.

"ಕಣ್ಣಿನ ಪರೀಕ್ಷಾ ಮಾಡಲಿಲ್ಲೇನು?"

"ಚುಕ್ಕಿ ಚುಕ್ಕಿ ಚಿತ್ರದಾಗ ಅಂಕಿ ಓದಸ್ತಾರ. ನನಗ ಕಾಣಲಿಲ್ಲ. ಮುಂದಿನವ ಹೇಳಿದ್ದು ಕಿವಿಗಿ ಬಿದ್ದಿತ್ತು, ಅದನ್ನ ಹೇಳಿದೆ. ಕಣ್ಣು ದಣದಾವು ಅಂತ ತಿಳಕೊಂಡೆ."

ಸುಮ್ಮನೆ 'ಖರೆ ಐತಿ' ಎಂದುಬಿಟ್ಟಿದ್ದರೆ ಅವನು ನಗುತ್ತಲೇ ಹೋಗುತ್ತಿದ್ದ. ಆಮೇಲೊಂದು ರಾತ್ರಿ ಕೆಂಪು ದೀಪ ನೋಡಿ ಕೆಳಗಿಳಿಯುತ್ತಿದ್ದ.

"ಎರಡೂ ನಿನಗ ಒಂದ ಕಾಣ್ತಾವು, ಮಹಾಲಿಂಗ. ರಾತ್ರಿ ಹಾರಬ್ಯಾಡ. ಹೋಗಿ ಖರೇದು ಹೇಳು."

ಅವನು ಕಟ್ಟೆಯ ಮೇಲೆ ಕುಸಿದು ಕುಳಿತ. "ಹೇಳ್ತೇನಿ," ಎಂದ ಕೊನೆಗೆ. "ಹಗಲಿನ ಲೈಸೆನ್ಸಾದ್ರೂ ಉಳೀತೈತೋ ಇಲ್ಲೋ." ಆಮೇಲೆ ತಟ್ಟನೆ ತಲೆಯೆತ್ತಿದ.

"ಹಂಗಾರ ನಾ ಹೋಗೂ ಮುಂದ ಕೊಟ್ಟ ಬಳಿ?"

ಎರಡು ವರ್ಷದ ಹಿಂದೆ ಬಸ್‌ಸ್ಟ್ಯಾಂಡಿನಲ್ಲಿ ಬಳೆಗಳ ಪುಡಿಕೆಯೊಂದನ್ನು ಅವಳ ಕೈಗಿಟ್ಟು, ಏನೂ ಹೇಳದೆ ಬಸ್ಸು ಹತ್ತಿದ್ದ. ಲಗ್ನ ಗೊತ್ತಾದರೆ ಗಂಡಿನ ಕಡೆಯವರು ಹೆಣ್ಣಿಗೆ ಇಡಿಸುವುದು ಹಸಿರು ಬಳೆ. ಅವಳು ಬಿಚ್ಚಿ ನೋಡಿದ್ದಳು, ಗೆಳೆಯನ ಕಾಣಿಕೆ ಎಂದುಕೊಂಡು ಟ್ರಂಕಿನಲ್ಲಿಟ್ಟಿದ್ದಳು, ಆ ರಾತ್ರಿ ಅತ್ತಿದ್ದಳು.

"ಕೆಂಪು," ಎಂದಳು.

"ನಾಚಿ ಅಂಗಡಿಯವನ್ನ ಕೇಳಲಿಲ್ಲ. ಹಸಿರು ಅಂತ ನಾನ ಆರಿಸಿದ್ದೆ. ನಿನ್ನ ಉತ್ತರ ಬರಲಿಲ್ಲ. ಒಲ್ಲೆ ಅಂದಿ ಅಂತ ತಿಳಕೊಂಡೆ."

"ಹಸಿರು ಇದ್ದಿದ್ರ ಅವತ್ತ ಬಸ್ಸಿನ ಬೆನ್ನ ಹತ್ತಿ ಓಡಿ ಬರ್ತಿದ್ದೆ."

ಅವನು ಮುಖ ಮುಚ್ಚಿಕೊಂಡ.

"ಆ ಹುಡಗಿ ಹೆಂಗದಾಳ?"

"ಛಲೋ ಹುಡಗಿ. ಆಕೀದೇನೂ ತಪ್ಪಿಲ್ಲ."

"ಹಂಗಾರ ಹೋಗು. ಆಕೀನ ಅಳಸಬ್ಯಾಡ."

ಅವನು ಕೆಳಗಿಳಿದು ಹೋಗಿ ಬೈಕು ಹತ್ತಿದ. ಕತ್ತಲು ಇಳಿದಿತ್ತು. ಮಾಳಿಗೆಯ ಅಂಚಿಗೆ ಬಂದ ಅವಳ ಕೈಯಲ್ಲಿ ಬ್ಯಾಟರಿ ಹತ್ತಿಕೊಂಡೇ ಇತ್ತು. ಅವನು ಕತ್ತೆತ್ತಿ ನೋಡಿದ.

"ಯಾವ ದೀಪ ಅದು, ಭಾಗ್ಯಾ?"

"ಹಸಿರು," ಎಂದಳು. "ಹೊರಡು."

ಅವನು ನಂಬಿ ಹೊರಟುಹೋದ. ಅವಳ ಕೈಯಲ್ಲಿದ್ದದ್ದು ಕೆಂಪು.