ತಿರುವು ತಪ್ಪಿದ ಕತ್ತಿ

ಆಸಿಡ್ ತೊಟ್ಟಿಯಿಂದ ಮೇಲಕ್ಕೆತ್ತಿದಾಗ ಕತ್ತಿ ಬರೀ ಕಪ್ಪಾಗಿ ಕಂಡಿತು. ಕುಲುಮೆಯಕ್ಕ ಅದರ ಮೇಲೆ ನೀರು ಸುರಿದು, ಹಳೆಯ ಬಟ್ಟೆಯಿಂದ ಒಮ್ಮೆ ಒರೆಸಿದಳು. ಕಪ್ಪಿನೊಳಗಿಂದ ಬೆಳ್ಳಿಗೆರೆಗಳು ಒಂದೊಂದಾಗಿ ಎದ್ದು ಬಂದವು. ಅಲಗಿನ ಉದ್ದಕ್ಕೂ ಮೂರು ಸಾಲು, ಜಡೆ ಹೆಣೆದ ಹಾಗೆ. ಒಂದು ಸಾಲು ಈ ಕಡೆ ವಾಲಿದರೆ ಪಕ್ಕದ್ದು ಆ ಕಡೆ.

ಏಳು ವಾರದ ಕೆಲಸ ಅದು. ಎರಡು ಬಗೆಯ ಕಬ್ಬಿಣದ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ, ಕಾಯಿಸಿ, ಬಡಿದು ಬೆಸೆದು ಸರಳು ಮಾಡಬೇಕು. ಆ ಸರಳನ್ನು ಒದ್ದೆ ಬಟ್ಟೆ ಹಿಂಡಿದಂತೆ ತಿರುಚಬೇಕು. ಅಂಥ ಮೂರು ಸರಳುಗಳನ್ನು ಮತ್ತೆ ಒಂದಾಗಿ ಬೆಸೆದರೆ ಕತ್ತಿಯ ಒಡಲು. ಯಂತ್ರ ಮುಟ್ಟುವಂತಿಲ್ಲ, ಎಲ್ಲವೂ ಕೈಯಲ್ಲೇ ಆಗಬೇಕು ಎಂದು ಮ್ಯೂಸಿಯಂನವರ ಷರತ್ತು.

ಮ್ಯೂಸಿಯಂನವನು ಎದುರಿಗೇ ನಿಂತಿದ್ದ. ನದಿಯ ಹೂಳಿನಲ್ಲಿ ಸಿಕ್ಕಿದ, ಸಾವಿರದ ಇನ್ನೂರು ವರ್ಷ ಹಳೆಯ ಮೂಲ ಕತ್ತಿ ಈಗ ತುಕ್ಕಿನ ಕೋಲು. ಅದರ ಎಕ್ಸ್‌ರೇ ತೆಗೆದು, ಒಳಗಿನ ವಿನ್ಯಾಸವನ್ನು ಅವಳಿಗೆ ತಂದುಕೊಟ್ಟವನು ಇವನು. ಸದಾ ಕಂದು ಲಕೋಟೆಯಲ್ಲಿ ಫಿಲ್ಮ್ ಹಿಡಿದು ಬರುತ್ತಿದ್ದುದರಿಂದ ಅವಳ ಅಪ್ಪ ಅವನಿಗೆ ‘ಫಿಲ್ಮ್ ಸಾರ್’ ಎಂದು ಹೆಸರಿಟ್ಟಿದ್ದ. ಅದನ್ನು ಕೇಳಿಸಿಕೊಂಡ ಮೂಲೆಯ ಟೀ ಅಂಗಡಿಯವಳು ‘ಯಾವ ಸಿನಿಮಾ ಸಾರ್ ನಿಮ್ದು?’ ಎಂದು ವಿಚಾರಿಸಿದ್ದೂ ಆಗಿತ್ತು.

ಅವನು ಬರಲಿ ಎಂದೇ ಅವಳು ಬೆಳಿಗ್ಗೆಯಿಂದ ಆಸಿಡ್ ಕೆಲಸವನ್ನು ತಡೆದಿಟ್ಟಿದ್ದಳು. ಅದನ್ನು ಅಪ್ಪನಿಗೆ ಹೇಳಿರಲಿಲ್ಲ. ತನಗೆ ತಾನೂ ಅಷ್ಟಾಗಿ ಹೇಳಿಕೊಂಡಿರಲಿಲ್ಲ.

“ಹೇಗಿದೆ?” ಎಂದಳು.

ಅವನು ಮೊದಲು ನೋಡಿದ್ದು ಅವಳ ಮುಖವನ್ನು. ಮೂಗಿನ ತುದಿಗೆ ಮಸಿ ಹತ್ತಿದೆಯೇನೋ ಎಂದು ಅವಳು ಮೊಣಕೈಯಿಂದ ಒರೆಸಿಕೊಂಡಳು. ಆಮೇಲೆ ಅವನ ಕಣ್ಣು ಕತ್ತಿಗೆ ಇಳಿಯಿತು. ಅಲ್ಲಿಂದ ಮೇಲೇಳಲಿಲ್ಲ. ನೋಡನೋಡುತ್ತಿದ್ದಂತೆ ಮುಖ ಬಿಳಿಚಿತು.

“ಚೆನ್ನಾಗಿದೆ.”

“ಅಷ್ಟೇನಾ?”

“ತುಂಬಾ ಚೆನ್ನಾಗಿದೆ. ನಾನು... ನಾಳೆ ಬರ್ತೀನಿ.”

ಲಕೋಟೆಯನ್ನೂ ಮರೆತು ಹೊರಟೇಹೋದ.

“ನೋಡಿದ್ಯಾ ಅಪ್ಪಾ? ಏಳು ವಾರದ ಕೆಲಸಕ್ಕೆ ಎರಡು ಮಾತು!”

ಸುತ್ತಿಗೆಯ ಸದ್ದಿನಲ್ಲೇ ಐವತ್ತು ವರ್ಷ ಕಳೆದ ಅಪ್ಪನ ಕಿವಿ ಮಂದ. ಗಾಬರಿಯಿಂದ ಎದ್ದು ಬಂದ. “ಎರಡು ತೂತಾ? ಎಲ್ಲಿ, ತೋರ್ಸು!”

ಮಾರನೆಯ ಬೆಳಿಗ್ಗೆ ಅವನು ಬಾಗಿಲಲ್ಲಿ ನಿಂತಾಗ ಕಣ್ಣು ಕೆಂಪಗಾಗಿತ್ತು. ಒಳಗೆ ಬಂದು, ನಿನ್ನೆ ಬಿಟ್ಟುಹೋಗಿದ್ದ ಲಕೋಟೆಯಿಂದ ಫಿಲ್ಮ್ ತೆಗೆದು ಕಿಟಕಿಯ ಬೆಳಕಿಗೆ ಹಿಡಿದ.

“ತಪ್ಪು ನನ್ನದು. ನಿಮಗೆ ಕೊಟ್ಟ ಪ್ರಿಂಟ್ ತೆಗೆಯೋವಾಗ ಫಿಲ್ಮ್ ಮಗುಚಿ ಇಟ್ಟಿದ್ದೀನಿ. ಇಲ್ಲಿ ಮೂಲೇಲಿ ಅಕ್ಷರ ಇದೆ ನೋಡಿ, ಇದು ನೆಟ್ಟಗೆ ಓದೋಕೆ ಬರಬೇಕು. ಪ್ರಿಂಟ್ ನೀಟಾಗಿ ಕಾಣ್ಲಿ ಅಂತ ನಾನೇ ಆ ಮೂಲೆ ಕತ್ತರಿಸಿಬಿಟ್ಟಿದ್ದೆ.”

“ಹಾಗಂದ್ರೆ?”

“ಹಳೇ ಕತ್ತೀಲಿ ಪಕ್ಕದ ಎರಡು ಸರಳು ಬಲಕ್ಕೆ ತಿರುಚಿರೋದು, ನಡುವಿಂದು ಎಡಕ್ಕೆ. ನೀವು ಮಾಡಿರೋದು ಪೂರ್ತಿ ಉಲ್ಟಾ. ನಾನು ಕೊಟ್ಟಿದ್ದೇ ಉಲ್ಟಾ.”

ಅವಳು ಕತ್ತಿಯನ್ನು ತಲೆಕೆಳಗು ಮಾಡಿ ನೋಡಿದಳು. ಮಗ್ಗುಲು ತಿರುಗಿಸಿ ನೋಡಿದಳು. ತಿರುಚಿದ್ದನ್ನು ಯಾವ ತುದಿಯಿಂದ ಹಿಡಿದರೂ ಅದರ ತಿರುವು ಬದಲಾಗುವುದಿಲ್ಲವೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ನೋಡಿದಳು.

“ಬೇರೆ ಯಾರಿಗೆ ಹೇಳಿದ್ರಿ?”

“ನಮ್ಮ ಮೇಡಂಗೆ. ಗಾಜಿನೊಳಗೆ ಇಡೋದು, ಯಾರಿಗೆ ಗೊತ್ತಾಗುತ್ತೆ, ಇರ್ಲಿ ಬಿಡಿ ಅಂದ್ರು. ಇದನ್ನೇ ತಗೋತಾರೆ. ನಿಮಗೇನೂ ತೊಂದರೆ ಆಗಲ್ಲ.”

“ಮತ್ತೆ ನನಗ್ಯಾಕೆ ಹೇಳೋಕೆ ಬಂದ್ರಿ?”

“ಹೇಳದೆ ಇರೋಕಾಗ್ಲಿಲ್ಲ.”

“ಹೊರಗೆ ಹೋಗಿ.”

ಅವನು ಹೊರಗೆ ಹೋದ. ಹೋಗಿ, ಬಾಗಿಲ ಪಕ್ಕದ ಕಲ್ಲಿನ ಮೇಲೆ ಕೂತ. ಹೊರಗೆ ಹೋಗಿ ಅಂದಿದ್ದಳೇ ಹೊರತು ಮನೆಗೆ ಹೋಗಿ ಅಂದಿರಲಿಲ್ಲವಲ್ಲ.

ಕುಲುಮೆಯಕ್ಕ ಆ ಬೆಳಿಗ್ಗೆಯೆಲ್ಲ ಗೇಟಿನ ಕೀಲುಗಳನ್ನು ಬಡಿದಳು. ಕೀಲುಗಳು ಬೇಕಾದ್ದಕ್ಕಿಂತ ತೆಳ್ಳಗಾದವು. ಮಧ್ಯಾಹ್ನ ಸುತ್ತಿಗೆ ಕೆಳಗಿಟ್ಟು ಅಪ್ಪನ ಕಿವಿಯ ಹತ್ತಿರ ಬಾಗಿದಳು.

“ಇನ್ನೊಂದು ಮಾಡ್ತೀನಪ್ಪಾ.”

“ಪ್ರದರ್ಶನಕ್ಕೆ ಐದೇ ವಾರ ಇದೆ ಕಣೇ.”

“ಗೊತ್ತು. ನಕಲು ಅಂತ ಒಪ್ಕೊಂಡ ಮೇಲೆ ಆ ಹಳೇ ಕೈ ಬಲಕ್ಕೆ ತಿರುಚಿದ್ದನ್ನ ನಾನು ಎಡಕ್ಕೆ ತಿರುಚಿ ಕೊಡೋಕಾಗಲ್ಲ. ದಿನಾ ಬೆಳಿಗ್ಗೆ ಸುತ್ತಿಗೆ ಹಿಡಿಯೋವಾಗ ಅದೇ ನೆನಪಾಗುತ್ತೆ.”

“ಸರಿ, ಸಮ್ಮಟಿಗೆ ಎತ್ತೋರು ಯಾರು? ಮೊದಲನೇ ಕತ್ತಿಗೇ ನನ್ನ ಭುಜ ಕೈಕೊಟ್ಟಿದೆ.”

ನಿಜ. ಅವಳು ಇಕ್ಕಳದಲ್ಲಿ ಕಬ್ಬಿಣ ಹಿಡಿದು ಸಣ್ಣ ಸುತ್ತಿಗೆಯಿಂದ ಜಾಗ ತೋರಿಸಿದರೆ, ಎದುರಿಗೆ ನಿಂತು ದೊಡ್ಡ ಸಮ್ಮಟಿಗೆಯಿಂದ ಅಲ್ಲೇ ಹೊಡೆಯಲು ಇನ್ನೊಬ್ಬರು ಬೇಕೇ ಬೇಕು.

“ನಾನು ಎತ್ತುತ್ತೀನಿ,” ಎಂದಿತು ಬಾಗಿಲಾಚೆಯ ದನಿ.

ಅವಳು ಹೊರಗೆ ಇಣುಕಿದಳು. ಬಿಸಿಲಿಗೆ ಅವನ ಮುಖ ಟೊಮ್ಯಾಟೊ ಆಗಿತ್ತು.

“ನೀವಾ? ಪೆನ್ಸಿಲ್ ಬಿಟ್ಟು ಬೇರೇನಾದ್ರೂ ಎತ್ತಿದ್ದೀರಾ ಜೀವಮಾನದಲ್ಲಿ?”

“ಇಲ್ಲ. ಹನ್ನೊಂದು ವರ್ಷದಿಂದ ರಜೆ ಕೂಡ ಎತ್ತಿಲ್ಲ. ನಾಲ್ಕು ವಾರ ಸಿಗುತ್ತೆ. ಕಲಿಸಿ.”

ಹೇಳಿದ ರೀತಿಯಲ್ಲಿ ಹುಡುಗಾಟವಿರಲಿಲ್ಲ. ಅವಳು ಅವನ ಕೈ ನೋಡಿದಳು, ಭುಜ ನೋಡಿದಳು, ಕಣ್ಣು ನೋಡಿದಳು. ಕಣ್ಣು ಪರವಾಗಿಲ್ಲ ಅನ್ನಿಸಿತು.

“ನಾಳೆ ಆರು ಗಂಟೆಗೆ. ಆ ಬಿಳಿ ಶರ್ಟ್ ಬೇಡ.”

ಮೊದಲ ದಿನ ಅವನು ಕಬ್ಬಿಣಕ್ಕಿಂತ ಅದರಡಿಯ ಅಡೆಗಲ್ಲಿಗೇ ಹೆಚ್ಚು ಹೊಡೆದ. ಎರಡನೆಯ ದಿನ ಇನ್ನೊಂದು ತೊಡಕು ಬಂತು. ಬೆಳ್ಳಗೆ ಕಾದ ಕಬ್ಬಿಣ ಹೊರಗೆ ಬಂದರೆ ಬೆಸೆಯಲು ನಾಲ್ಕೈದು ಏಟಿನಷ್ಟೇ ಹೊತ್ತು. “ಇಲ್ಲಿ ಹೊಡೀರಿ, ಸ್ವಲ್ಪ ಈ ಕಡೆಗೆ ಬನ್ನಿ” ಎಂದು ಅವಳು ಮರ್ಯಾದೆ ಕೊಡುವಷ್ಟರಲ್ಲಿ ಕಾವು ಇಳಿದುಹೋಗುತ್ತಿತ್ತು. ನೋಡಿ ನೋಡಿ ಸಾಕಾಗಿ ಅಪ್ಪ ಗದರಿದ.

“ಕಬ್ಬಿಣ ಕಾದಿರೋವಾಗ ಬಹುವಚನ ಗಿಹುವಚನ ಇಲ್ಲ! ಹೊಡಿ, ನಿಲ್ಲು, ಬಿಡು. ಅಷ್ಟೇ!”

ಅಲ್ಲಿಂದ ಕುಲುಮೆಯಲ್ಲಿ ಹೊಸ ಭಾಷೆ ಶುರುವಾಯಿತು.

“ಹೊಡಿ! ಹೊಡಿ! ನಿಲ್ಲು! ಅಲ್ಲಲ್ಲ ಕತ್ತೆ, ಈ ಕಡೆ!”

ಸರಳು ಬೆಂಕಿಗೆ ವಾಪಸ್ ಹೋದ ಕೂಡಲೇ ಅವಳು ಸೆರಗು ಸರಿಮಾಡಿಕೊಂಡಷ್ಟು ಸಲೀಸಾಗಿ ದನಿ ಬದಲಿಸುತ್ತಿದ್ದಳು. “ನೀರು ಕುಡೀತೀರಾ?”

“ಕತ್ತೆ ಕುಡಿಯುತ್ತೆ,” ಎನ್ನುತ್ತಿದ್ದ ಅವನು, ಗಂಭೀರವಾಗಿ.

ಅವನ ಅಂಗೈ ಬೊಕ್ಕೆ ಎದ್ದು ಒಡೆಯಿತು. ಬಟ್ಟೆ ಸುತ್ತಿಕೊಂಡು ಬಂದ. ಎದುರುಗೋಡೆಯ ಮೇಲೆ ಸೀಮೆಸುಣ್ಣದಿಂದ ಬಲಕ್ಕೊಂದು ದೊಡ್ಡ ಬಾಣ ಬರೆದ. ಪಕ್ಕದ ಸರಳಿನ ಒಂದು ತುದಿ ವೈಸಿನ ದವಡೆಯಲ್ಲಿ ಕಚ್ಚಿಸಿ ಅವಳು ಇನ್ನೊಂದು ತುದಿ ತಿರುಚುವಾಗ ಪ್ರತಿ ಸುತ್ತಿಗೂ “ಬಲಕ್ಕೆ” ಎಂದು ಜೋರಾಗಿ ಎಣಿಸಿದ. ಮೊದಲು ಅವಳಿಗೆ ಸಿಟ್ಟು ಬಂತು. ಹದಿನಾಲ್ಕನೆಯ ಸುತ್ತಿನಲ್ಲಿ ನಗು ಬಂತು. ಬೆಂಕಿಯ ಕಡೆ ಮುಖ ತಿರುಗಿಸಿ ನಕ್ಕಳು.

ಎರಡನೆಯ ವಾರದ ಕೊನೆಗೆ ಅವನ ಏಟು ಅವಳು ತೋರಿಸಿದ ಜಾಗಕ್ಕೇ ಬೀಳತೊಡಗಿತು. ಟಿಕ್ ಅಂದರೆ ಢಣ್. ಮಾತೇ ಬೇಕಿರಲಿಲ್ಲ. ಅವಳು ಹುಬ್ಬು ಏರಿಸಿದರೆ ಅವನಿಗೆ ಅರ್ಥವಾಗುತ್ತಿತ್ತು. ಸಮ್ಮಟಿಗೆ ಎತ್ತುವ ಮೊದಲು ಒಂದು ಗಳಿಗೆ ಅವನು ಅವಳನ್ನು ನೋಡುತ್ತಿದ್ದ. ಆ ಒಂದು ಗಳಿಗೆ ದಿನದಿಂದ ದಿನಕ್ಕೆ ತುಸು ಉದ್ದವಾಗುತ್ತಿದೆ ಎಂದು ಅವಳು ಗಮನಿಸಿದ್ದಳು. ಕಬ್ಬಿಣ ಆರಿಹೋಗುತ್ತೆ ಎಂದು ಬೈಯಬಹುದಿತ್ತು. ಬೈಯಲಿಲ್ಲ.

ಒಂದು ಮಧ್ಯಾಹ್ನ ಬೆಂಕಿ ತಣ್ಣಗಾಗಿತ್ತು. ಮೂವರೂ ಬುತ್ತಿ ಬಿಚ್ಚಿ ಕೂತಿದ್ದರು.

“ನೀನ್ಯಾಕೆ ಇಷ್ಟೇ ಹಾಕ್ಕೊಂಡೆ?” ಎಂದಳು.

ತುತ್ತು ಅವನ ಬಾಯಿಯ ಹತ್ತಿರವೇ ನಿಂತಿತು. ಅವಳು ಕುಲುಮೆಯ ಕಡೆ ನೋಡಿದಳು. ಒಂದು ಕಿಡಿಯೂ ಇರಲಿಲ್ಲ. ಅಪ್ಪ ಇದ್ದಕ್ಕಿದ್ದಂತೆ ತನ್ನ ತಟ್ಟೆಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಆಡಿದ ಮಾತನ್ನು ಅವಳು ತಿದ್ದಲಿಲ್ಲ. ಅವನು ಇನ್ನೊಂದು ಸೌಟು ಬಡಿಸಿಕೊಂಡ.

ಅಪ್ಪ ಕೈ ತೊಳೆಯಲು ಎದ್ದಾಗ ಅವಳು ಕೇಳಿದಳು. “ಅವತ್ತು ಯಾಕೆ ಬಂದು ಹೇಳಿದೆ? ನಿಜ ಹೇಳು. ನಿನ್ನ ಕೆಲಸಕ್ಕೇ ಕುತ್ತು ಬರಬಹುದಿತ್ತು.”

ಅವನು ಯೋಚಿಸಿ ಉತ್ತರಿಸಿದ. “ಕತ್ತಿ ಒರೆಸಿ ಗೆರೆ ಎದ್ದು ಬಂದಾಗ ನಿನ್ನ ಮುಖ ನೋಡಿದೆ. ಅಷ್ಟು ಸಂತೋಷ ಯಾರ ಮುಖದಲ್ಲೂ ನೋಡಿರಲಿಲ್ಲ. ಸುಳ್ಳಿನ ಮೇಲೆ ಆ ಸಂತೋಷ ನಿಲ್ಲಬಾರದು ಅನ್ನಿಸ್ತು. ಅದನ್ನ ಕಿತ್ಕೊಳ್ಳೋನೂ ನಾನೇ ಆಗಬೇಕಾಗಿ ಬಂತಲ್ಲ ಅಂತ ಮನೆಗೆ ಹೋಗಿ ಅತ್ತೆ.”

ಅವಳು ಎದ್ದು ಹೋಗಿ, ಬೇಕಿಲ್ಲದಿದ್ದರೂ ಬೆಂಕಿ ಹಚ್ಚಿದಳು.

ಮೂರು ಸರಳು ಒಂದಾದವು. ಅಂಚಿಗೆ ಗಟ್ಟಿ ಉಕ್ಕು ಬೆಸೆದದ್ದಾಯಿತು. ಪ್ರದರ್ಶನಕ್ಕೆ ಎಂಟು ದಿನ ಉಳಿದಾಗ ಕಾದ ಅಲಗನ್ನು ಎಣ್ಣೆಗದ್ದಿ ಹದ ಕೊಡುವ ಮಧ್ಯಾಹ್ನ ಬಂತು. ಕಬ್ಬಿಣದ ಬಣ್ಣ ಸರಿಯಾಗಿ ಕಾಣಲಿ ಎಂದು ಅಪ್ಪ ಕಿಟಕಿಗಳಿಗೆ ಗೋಣಿತಾಟು ಹೊದಿಸಿ ಕೋಣೆಯನ್ನು ಕತ್ತಲು ಮಾಡಿದ. ಎಣ್ಣೆಯ ಪೀಪಾಯಿ ಸಿದ್ಧವಿತ್ತು. ಇಲ್ಲಿ ಟಿಣ್ ಎಂದು ಒಂದು ಸಣ್ಣ ಸದ್ದು ಬಂದರೆ ಅಲಗು ಸೀಳಿತೆಂದೇ ಅರ್ಥ. ಮೂರನೆಯ ಕತ್ತಿಗೆ ಹೊತ್ತಿಲ್ಲ. ತಪ್ಪಿದ ಕತ್ತಿಯೇ ಗಾಜಿನೊಳಗೆ ಹೋಗಬೇಕು.

ಕಿತ್ತಳೆ ಬಣ್ಣ ಅಲಗಿನ ತುದಿಯವರೆಗೂ ಹರಿದಾಗ ಅವಳು ಎತ್ತಿ, ನೇರವಾಗಿ ಎಣ್ಣೆಗೆ ಇಳಿಸಿದಳು. ಉರಿ ಭುಗ್ಗೆಂದಿತು, ಅಡಗಿತು. ಮೂವರೂ ಉಸಿರು ಬಿಗಿಹಿಡಿದರು. ಸದ್ದಿಲ್ಲ.

ಆದರೆ ಹೊರಗೆ ತೆಗೆದಾಗ ಅಲಗು ಎರಡು ಬೆರಳಿನಷ್ಟು ಬಾಗಿತ್ತು.

“ಹಲಗೆ!” ಎಂದಳು.

ಬಿಸಿ ಇಳಿಯುವ ಮೊದಲೇ ನೆಟ್ಟಗಾಗಬೇಕು. ಮೇಜಿನ ಮೇಲೆ ಎರಡು ದಪ್ಪ ಹಲಗೆಗಳ ನಡುವೆ ಅಲಗನ್ನು ಇಟ್ಟು, ಆ ತುದಿಯಲ್ಲಿ ಅವನು, ಈ ತುದಿಯಲ್ಲಿ ಅವಳು ಮೈಭಾರವನ್ನೆಲ್ಲ ಹಾಕಿ ಒತ್ತಿ ನಿಂತರು. ಹಲಗೆಯಿಂದ ಸುಟ್ಟ ಮರದ ವಾಸನೆ ಬಂತು. ಇಬ್ಬರ ಮುಖಗಳ ನಡುವೆ ಮೂರಡಿ ಕತ್ತಿ.

“ಎಷ್ಟು ಹೊತ್ತು?”

“ತಣ್ಣಗಾಗೋವರೆಗೆ. ಕದಲಬೇಡ.”

ಒತ್ತುತ್ತಲೇ ಅವನೆಂದ, “ಸೋಮವಾರ ರಜೆ ಮುಗಿಯುತ್ತೆ.”

“ಗೊತ್ತು.”

“ಈ ಕತ್ತಿಯೂ ಮುಗಿದ ಮೇಲೆ, ಇಲ್ಲಿಗೆ ಬರೋಕೆ ಏನಾದ್ರೂ ಕಾರಣ ಬೇಕಲ್ಲ. ಮನೇಲಿರೋ ಚಾಕುಗಳನ್ನೆಲ್ಲ ಕಲ್ಲಿಗೆ ಉಜ್ಜಿ ಮೊಂಡು ಮಾಡಿಟ್ಟಿದ್ದೀನಿ. ಸಾಣೆ ಹಿಡಿಸೋ ನೆಪದಲ್ಲಿ ಬರಬಹುದು ಅಂತ.”

ಅವಳಿಗೆ ನಗು ಒತ್ತಿಕೊಂಡು ಬಂತು. “ನಗಿಸಬೇಡ, ಡೊಂಕಾಗುತ್ತೆ! ಎಷ್ಟಿವೆ?”

“ನಾಲ್ಕು ಚಾಕು. ಒಂದು ಕತ್ತರಿ.”

“ಐದು ದಿನ ಆಯ್ತು. ಆರನೇ ದಿನ ಏನ್ಮಾಡ್ತೀಯ?”

ಆ ಅರೆಗತ್ತಲಲ್ಲೂ ಅವನ ಕಿವಿ ಕೆಂಪಾದದ್ದು ಅವಳಿಗೆ ಕಂಡಿತು. ಕಾಯುತ್ತಾ ಕೂರುವುದು ಅವಳ ಜಾಯಮಾನವಲ್ಲ.

“ನನಗೆ ಐದು ದಿನ ಸಾಲಲ್ಲ,” ಎಂದಳು. “ನನ್ನನ್ನ ಮದುವೆ ಆಗು. ಆಗ ಯಾಕೆ ಬಂದೆ ಅಂತ ಯಾರೂ ಕೇಳಲ್ಲ.”

“ಈಗಲೇ ಹೇಳಬೇಕಾ?”

“ಕೈ ಬಿಡೋ ಹಾಗಿಲ್ಲ, ಓಡಿಹೋಗೋ ಹಾಗಿಲ್ಲ. ನಿನ್ನನ್ನ ಕೇಳೋಕೆ ಇದಕ್ಕಿಂತ ಒಳ್ಳೆ ಹೊತ್ತು ನನಗೆಲ್ಲಿ ಸಿಗುತ್ತೆ?”

“ಓಡೋ ಯೋಚನೆ ಇಲ್ಲ,” ಎಂದ. ಕೈ ಹಲಗೆಯಿಂದ ಕದಲಲಿಲ್ಲ. “ಆಗ್ತೀನಿ. ನೀನು ಕೇಳದೆ ಇದ್ದಿದ್ರೆ ಆರನೇ ದಿನ ನಾನೇ ಕೇಳ್ತಿದ್ದೆ.”

“ಆರನೇ ದಿನ!”

“ಧೈರ್ಯ ಬರೋಕೆ ಅಷ್ಟಾದ್ರೂ ಬೇಡ್ವಾ?”

ಅಪ್ಪ ಗೋಣಿತಾಟು ಎಳೆದ. ಬಿಸಿಲು ಒಳಗೆ ನುಗ್ಗಿತು. ಹಲಗೆ ಯಾವಾಗಲೋ ತಣ್ಣಗಾಗಿತ್ತು. ಅವಳು ಅಲಗನ್ನೆತ್ತಿ, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದಳು. ನೂಲು ಹಿಡಿದಷ್ಟು ನೆಟ್ಟಗಿತ್ತು. ಕೆಳಗಿಟ್ಟು, ಕೈಗವಸು ಕಳಚಿ, ಅವನ ಅಂಗೈ ಹಿಡಿದುಕೊಂಡಳು. ಒರಟಾಗಿತ್ತು, ಅವಳದರಷ್ಟೇ. ಅವನು ಬೆರಳು ಮಡಿಸಿ ಅವಳ ಕೈಯನ್ನು ಒಳಗೆ ತೆಗೆದುಕೊಂಡ.

ಆಮೇಲೆ ಉಜ್ಜುವ ಕೆಲಸ, ಆಸಿಡ್, ಹಿಡಿಯ ಜೋಡಣೆ. ರಜೆ ಮುಗಿದ ಮೇಲೂ ಅವನು ದಿನಾ ಆಫೀಸ್ ಬಿಟ್ಟವನೇ ನೇರ ಬಂದ. ಈ ಸಲ ಪಕ್ಕದ ಸಾಲುಗಳು ಬಲಕ್ಕೇ, ನಡುವಿನದು ಎಡಕ್ಕೆ ವಾಲಿ ಎದ್ದು ಬಂದವು. ಅವಳು ಕತ್ತಿ ನೋಡಿ ತಿರುಗಿದರೆ ಅವನು ಅವಳನ್ನೇ ನೋಡುತ್ತಿದ್ದ.

ಪ್ರದರ್ಶನದ ಬೆಳಿಗ್ಗೆ ಕತ್ತಿಯನ್ನು ಕಂಬಳಿಯಲ್ಲಿ ಸುತ್ತಿ ಇಬ್ಬರೂ ನಡೆದೇ ಹೊರಟರು. ಒಬ್ಬರು ಒಂದೇ ಕೈಯಲ್ಲಿ ಒಯ್ಯಬಹುದಾದ ಕತ್ತಿ ಅದು. ಅವರು ಒಂದೊಂದು ತುದಿ ಹಿಡಿದುಕೊಂಡು, ಸಣ್ಣ ಸಣ್ಣ ಹೆಜ್ಜೆ ಇಡುತ್ತಾ, ಓಣಿಯ ಉದ್ದಕ್ಕೂ ನಿಧಾನವಾಗಿ ಹೋದರು.