ಒದ್ದೆ ಕೌದಿ

ಅಕ್ಕ ಮನೆ ಬದಲಿಸುವಾಗ, ಅಜ್ಜಿ ಹೊಲಿದ ಕೌದಿಯನ್ನು ನನ್ನ ತಲೆಗೆ ಕಟ್ಟಿದಳು. ಬಿಸಿಲಿಗೆ ಹಾಕಿ, ಹಳೇ ಸೀರೆಯಲ್ಲಿ ಸುತ್ತಿ, ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಮರುದಿನ ತೆಗೆದರೆ ನಡುಮಧ್ಯೆ ಒದ್ದೆ. ಮುಟ್ಟಿದರೆ ಇನ್ನೂ ಬೆಚ್ಚಗಿತ್ತು. ಮಗುವಿನ ಉಚ್ಚೆಯ ವಾಸನೆ. ನಮ್ಮದೋ ಮಕ್ಕಳಿಲ್ಲದ ಮನೆ! ಒಗೆದು ಒಣಗಿಸಿಟ್ಟೆ. ಮತ್ತೆ ಒದ್ದೆ. ನಾಲ್ಕು ದಿನ ಇದೇ ಗೋಳು.

ಫೋನ್ ಮಾಡಿ, "ಇದನ್ನ ಯಾರಿಗೆ ಹೊದಿಸ್ತಿದ್ದೆ ಅಕ್ಕಾ?" ಎಂದೆ.

"ಯಾರಿಗೂ ಇಲ್ಲ ಕಣೇ. ಹೊಲಿದಾಗಿಂದ ಪೆಟ್ಟಿಗೇಲೇ ಇತ್ತು," ಎಂದವಳು, ತಡೆದು ಕೇಳಿದಳು, "ಅಲ್ಲೂ ಒದ್ದೆ ಮಾಡ್ತಾ?"

ನನಗೆ ಪಿತ್ತ ನೆತ್ತಿಗೇರಿತು. ಕಪಾಟಿನ ಮುಂದೆ ನಿಂತು, "ಬಚ್ಚಲಿಗೆ ಹೋಗೋಕೆ ಏನು ರೋಗ ನಿಂಗೆ!" ಎಂದು ಬೈದೆ.

ಮರುದಿನ ಬೆಳಿಗ್ಗೆ ಕೌದಿ ಒಣಗೇ ಇತ್ತು. ಬೀಗವೂ ಹಾಕಿದ್ದು ಹಾಕಿದಂತೆಯೇ ಇತ್ತು. ಬಚ್ಚಲಿನಿಂದ ಕಪಾಟಿನವರೆಗೆ ನೆಲದ ಮೇಲೆ ಪುಟ್ಟ ಪುಟ್ಟ ಒದ್ದೆ ಹೆಜ್ಜೆಗಳಿದ್ದವು.